ಭಾನುವಾರ ರಾತ್ರಿ ಬಾರದ ನಿದ್ದೆ

ಭಾನುವಾರ ರಾತ್ರಿ ಎಂಟೂವರೆ. ದಾಸರಹಳ್ಳಿಯ ನಮ್ಮ ವಠಾರದಲ್ಲಿ ಎಲ್ಲರ ಮನೆಯ ಟೀವಿಯೂ ಜೋರಾಗಿದೆ. ನಾನೊಬ್ಬ ಮಾತ್ರ ಊಟ ಮುಗಿಸಿ, ಲೈಟ್ ಆರಿಸಿ, ಮುಸುಕು ಹಾಕಿ ಮಲಗಿದ್ದೇನೆ. ನಾಳೆಯಿಂದ ಫಸ್ಟ್ ಶಿಫ್ಟ್. ಆರಕ್ಕೆ ಪಂಚ್ ಮಾಡಬೇಕು ಅಂದರೆ ನಾಲ್ಕೂವರೆಗೆ ಏಳಬೇಕು. ಒಂಬತ್ತಾಯಿತು, ಹತ್ತಾಯಿತು. ನೋಡಲೇಬಾರದು ಅಂತ ದಿಂಬಿನ ಕೆಳಗೆ ಇಟ್ಟ ಮೊಬೈಲನ್ನು ಟೈಮ್ ನೋಡೋಕೆ ಅಂತ ನಾಲ್ಕು ಸಲ ತೆಗೆದದ್ದಾಯಿತು. ಹನ್ನೊಂದೂವರೆಗೆ ಲೆಕ್ಕ ಶುರು. ಈಗ ನಿದ್ದೆ ಬಂದರೂ ಸಿಗೋದು ಐದೇ ಗಂಟೆ. ಹನ್ನೆರಡಕ್ಕೆ, ನಾಲ್ಕೂವರೆ.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಕಣಪ್ಪ" ಅಂತ ನಮ್ಮಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ. ಗಾದೆ ಏನೋ ಸರಿ. ಆದರೆ ನನಗಿದ್ದ ಚಿಂತೆ ಒಂದೇ, ನಿದ್ದೆ ಬರುತ್ತಿಲ್ಲ ಅನ್ನೋದು. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಹದಿನಾಲ್ಕು ವರ್ಷ ಮೂರು ಶಿಫ್ಟಿನಲ್ಲೂ ದುಡಿದ ಮೇಲೆ, ಈ ಭಾನುವಾರದ ಕಾಟ ನನ್ನ ಮನಸ್ಸಿನದ್ದಲ್ಲ ಅಂತ ಗೊತ್ತಾಯಿತು. ಅದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ ಶಿಫ್ಟ್ ಚಾರ್ಟಿನದ್ದು.

ನಿದ್ದೆ ಬರಬೇಕಾದರೆ ಮೈಯೊಳಗೆ ಎರಡು ಕೆಲಸ ಆಗಬೇಕು. ಜ್ಯೂರಿಕ್‌ನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇದನ್ನು ಒಂದು ಮಾದರಿಯಾಗಿ ಬರೆದಿಟ್ಟರು. ನಾನು ಅದನ್ನು ನಮ್ಮ ಏರಿಯಾದ ನೀರಿನ ಲೆಕ್ಕದಲ್ಲಿ ಹೇಳುತ್ತೇನೆ. ಮೊದಲನೆಯದು ಟ್ಯಾಂಕ್. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ರೆಪ್ಪೆ ಭಾರ. ಮಲಗಿದಾಗ ಖಾಲಿಯಾಗುತ್ತದೆ. ಎರಡನೆಯದು ವಾಲ್ವ್. ಟ್ಯಾಂಕ್ ತುಂಬಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದಾ? ನೀರುಗಂಟಿ ಬಂದು ವಾಲ್ವ್ ತಿರುಗಿಸಬೇಕು. ಅವನು ಬರೋದು ಅವನ ಟೈಮಿಗೆ. ನೀವು ಕೊಡ ಹಿಡಿದು ನಿಂತಿದ್ದೀರಿ ಅಂತ ಅವನೇನೂ ಓಡಿ ಬರುವುದಿಲ್ಲ.

ನಮ್ಮ ಮೈಯ ನೀರುಗಂಟಿ ಇರೋದು ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ. ಅಕ್ಕಿಕಾಳಿಗಿಂತ ಚಿಕ್ಕದು, ಸುಮಾರು 20,000 ಜೀವಕೋಶಗಳ ಒಂದು ಗುಂಪು. ಯಾವಾಗ ಎಚ್ಚರ, ಯಾವಾಗ ನಿದ್ದೆ, ಮೈ ಯಾವಾಗ ಬಿಸಿಯಾಗಬೇಕು, ಯಾವಾಗ ತಣ್ಣಗಾಗಬೇಕು ಎಲ್ಲ ಅದರ ಉಸ್ತುವಾರಿ. ಇಂಥ ಒಳಗಡಿಯಾರ ಇದೆ ಅನ್ನೋ ಸುಳಿವು ಮೊದಲು ಕೊಟ್ಟದ್ದು ಮುಟ್ಟಿದರೆ ಮುನಿ ಜಾತಿಯ ಒಂದು ಗಿಡ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಆ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದು ಹಗಲು ಎಲೆ ಬಿಚ್ಚಿತು, ರಾತ್ರಿ ಮುಚ್ಚಿತು. ಮನುಷ್ಯರ ಮೇಲಿನ ಇಂಥ ಪ್ರಯೋಗ ನಮ್ಮ ಪಕ್ಕದಲ್ಲೇ ನಡೆದಿದೆ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ. ಕೆ. ಚಂದ್ರಶೇಖರನ್ ಹೊರಗಿನ ಹಗಲು ರಾತ್ರಿ ಗೊತ್ತಾಗದ ಕೋಣೆಗಳಲ್ಲಿ ಜನರನ್ನು ಇರಿಸಿ, ಅವರು ಯಾವಾಗ ಮಲಗುತ್ತಾರೆ, ಏಳುತ್ತಾರೆ ಎಂದು ನೋಡಿದರು. ಆಮೇಲೆ ಅವರು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳ ಒಳಗಡಿಯಾರದ ಮೇಲೂ ಸಾಕಷ್ಟು ಕೆಲಸ ಆಗಿದೆ.

ಈ ನೀರುಗಂಟಿಯ ಒಂದು ಗುಣ ನನಗೆ ಗೊತ್ತಿರಲಿಲ್ಲ. ಸಂಜೆಯಾದಂತೆ ನಿದ್ದೆ ಹತ್ತಿರ ಬರುತ್ತಾ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ ಅಲ್ವಾ? ಆಗೋದು ಉಲ್ಟಾ. ದಿನಾ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ಅವನು ವಾಲ್ವನ್ನು ಬಿಗಿಯಾಗಿ ಮುಚ್ಚಿ ಹಿಡಿದಿರುತ್ತಾನೆ. ದಿನವೆಲ್ಲ ತುಂಬಿದ ಟ್ಯಾಂಕ್ ಸಂಜೆಯೇ ಸೋರಿ ಹೋಗದಿರಲಿ ಅಂತ. ಇಸ್ರೇಲಿನ ಪೆರೆಟ್ಸ್ ಲವಿ 1980ರ ದಶಕದಲ್ಲಿ ಒಂದು ವಿಚಿತ್ರ ಪ್ರಯೋಗ ಮಾಡಿದರು. 7 ನಿಮಿಷ ಮಲಗಿ, 13 ನಿಮಿಷ ಎದ್ದಿರಿ, ಮತ್ತೆ 7 ನಿಮಿಷ ಮಲಗಿ. ಹೀಗೆ ಇಡೀ ದಿನ. ಯಾವ ಹೊತ್ತಿನಲ್ಲಿ ಎಷ್ಟು ನಿದ್ದೆ ಬರುತ್ತದೆ ಅಂತ ಅಳೆದರೆ, ಸಂಜೆಯ ಕೆಲವು ಗಂಟೆ ಬರೀ ಖಾಲಿ. ಹಿಂದಿನ ರಾತ್ರಿ ಪೂರ್ತಿ ನಿದ್ದೆಗೆಟ್ಟು ಬಂದವರಿಗೂ ಆಗ ನಿದ್ದೆ ಬರೋದು ಕಷ್ಟವಾಗಿತ್ತು. ಅವರು ಅದನ್ನು ನಿದ್ದೆಯ ನಿಷಿದ್ಧ ವಲಯ ಅಂತ ಕರೆದರು.

ಈಗ ನನ್ನ ಭಾನುವಾರ ನೋಡಿ. ಹಿಂದಿನ ವಾರ ಸೆಕೆಂಡ್ ಶಿಫ್ಟ್. ರಾತ್ರಿ ಹತ್ತಕ್ಕೆ ಬಿಟ್ಟು, ಮನೆಗೆ ಬಂದು, ಉಂಡು ಮಲಗೋ ಹೊತ್ತಿಗೆ ಒಂದು ಗಂಟೆ. ವಾರದಲ್ಲಿ ಮೈ ಅದಕ್ಕೇ ಹೊಂದಿಕೊಂಡಿದೆ. ಅಂದರೆ ನನ್ನ ನಿಷಿದ್ಧ ವಲಯ ಹತ್ತರಿಂದ ಹನ್ನೆರಡು. ಎಂಟೂವರೆಗೇ ಹಾಸಿಗೆ ಸೇರಿದ್ದ ನಾನು ಸರಿಯಾಗಿ ಆ ಗೋಡೆಗೇ ಹೋಗಿ ತಲೆ ಚಚ್ಚಿಕೊಳ್ಳುತ್ತಿದ್ದೆ. ಬೆಳಗಿನ ಅಲಾರಂ ಕತೆಯೂ ಅದೇ. ಮೈ ತೀರಾ ತಣ್ಣಗಾಗಿ ನಿದ್ದೆ ಅತಿ ಗಾಢವಾಗಿ ಎಳೆಯೋದು ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ. ಎಂಟಕ್ಕೆ ಏಳುತ್ತಿದ್ದವನಿಗೆ ಅದು ಐದರ ಸುಮಾರು. ಅಲಾರಂ ಹೊಡೆಯೋದು ನಾಲ್ಕೂವರೆಗೆ.

ಹಾಗಾದರೆ ಶಿಫ್ಟ್ ತಿರುಗುವ ದಿಕ್ಕು ಬದಲಾಯಿಸಿದರೆ? ನಮ್ಮಲ್ಲಿ ನೈಟ್ ಆದ ಮೇಲೆ ಸೆಕೆಂಡ್, ಸೆಕೆಂಡ್ ಆದ ಮೇಲೆ ಫಸ್ಟ್. ಹಿಂದುಹಿಂದಕ್ಕೆ. ಆದರೆ ಮನುಷ್ಯನ ಒಳಗಡಿಯಾರದ ಒಂದು ದಿನ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಬಿಟ್ಟರೆ ತಡವಾಗುವುದೇ ಅದರ ಸ್ವಭಾವ. ಅದಕ್ಕೇ ತಡವಾಗಿ ಮಲಗೋದು ಯಾರಿಗೂ ಕಲಿಸಬೇಕಾಗಿಲ್ಲ, ಬೇಗ ಮಲಗೋದಕ್ಕೆ ಹರಸಾಹಸ. ಅಮೆರಿಕದ ಯೂಟಾದಲ್ಲಿ ಉಪ್ಪಿನ ಸರೋವರದಿಂದ ಪೊಟ್ಯಾಶ್ ತೆಗೆಯುವ ಕಾರ್ಖಾನೆಯೊಂದಿತ್ತು. ಅಲ್ಲೂ ನಮ್ಮಂತೆಯೇ ವಾರಕ್ಕೊಮ್ಮೆ ಹಿಂದಕ್ಕೆ ತಿರುಗುವ ಶಿಫ್ಟ್. ಚಾರ್ಲ್ಸ್ ಝೈಸ್ಲರ್ ಮತ್ತು ಜೊತೆಗಾರರು ಅದನ್ನು ಮುಂದಕ್ಕೆ ತಿರುಗಿಸಿದರು. ಫಸ್ಟ್, ಸೆಕೆಂಡ್, ನೈಟ್. ಒಂದೊಂದು ಶಿಫ್ಟೂ 21 ದಿನ. 1982ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಕೆಲಸಗಾರರ ಸಮಾಧಾನ, ಆರೋಗ್ಯ, ಉತ್ಪಾದನೆ ಎಲ್ಲ ಸುಧಾರಿಸಿದವು.

21 ದಿನ ಯಾಕೆ? ಒಳಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಜರುಗುತ್ತದೆ. ಎಂಟು ಗಂಟೆ ಜರುಗಲು ಒಂದು ವಾರ ಬೇಕು. ಅಷ್ಟರಲ್ಲಿ ಚಾರ್ಟ್ ಬದಲು. ಯುರೋಪಿನ ಕೆಲವು ಕಾರ್ಖಾನೆಗಳಲ್ಲಿ ತದ್ವಿರುದ್ಧ ಉಪಾಯ ಇದೆ. ಎರಡು ದಿನ ಫಸ್ಟ್, ಎರಡು ದಿನ ಸೆಕೆಂಡ್, ಎರಡು ರಾತ್ರಿ ನೈಟ್, ಆಮೇಲೆ ರಜ. ಗಡಿಯಾರ ಜರುಗುವ ಮುಂಚೆಯೇ ನೈಟ್ ಮುಗಿದಿರುತ್ತದೆ. ನಮ್ಮ ವಾರದ ಲೆಕ್ಕ ಮಾತ್ರ ಅತ್ತ ದರಿ ಇತ್ತ ಪುಲಿ. ವಯಸ್ಸಾದಂತೆ ಜರುಗೋದೂ ನಿಧಾನ. 1938ರಲ್ಲಿ ನಿದ್ದೆಯ ವಿಜ್ಞಾನಿ ನೇಥನಿಯಲ್ ಕ್ಲೈಟ್ಮನ್ ತನ್ನ ಶಿಷ್ಯನ ಜೊತೆ ಕೆಂಟಕಿಯ ಗುಹೆಯೊಂದರಲ್ಲಿ 32 ದಿನ ಇದ್ದು, ದಿನಕ್ಕೆ 28 ಗಂಟೆ ಎಂಬಂತೆ ಬದುಕಿ ನೋಡಿದರು. ಇಪ್ಪತ್ತರ ಹರೆಯದ ಶಿಷ್ಯ ಹೊಂದಿಕೊಂಡ. 43ರ ಗುರುಗಳಿಗೆ ಆಗಲೇ ಇಲ್ಲ. ನಮ್ಮ ಶಾಪಿನ ಹೊಸ ಹುಡುಗರು ನೈಟ್ ಮುಗಿಸಿ ಕ್ರಿಕೆಟ್ ಆಡೋಕೆ ಹೋಗೋದನ್ನು ನೋಡಿದಾಗಲೆಲ್ಲ ನನಗೆ ಆ ಗುರುಗಳ ನೆನಪಾಗುತ್ತದೆ.

ನಿದ್ದೆಗೆಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನನ್ನದೇ ಒಂದು ಪಾಠ ಇದೆ. ಬೆಳಗಿನ ಜಾವ ನಾಲ್ಕು. 20 ಮಿಲಿಮೀಟರ್ ಶಾಫ್ಟ್ ಓಡುತ್ತಿತ್ತು. ಮೈಕ್ರೋಮೀಟರ್ ಹಿಡಿದು ಅಳೆದೆ. ಅದರ ತಿರುಗುವ ತೋಳು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮಾತ್ರ ಸರಿಯುತ್ತದೆ. ತೋಳಿನ ಐವತ್ತು ಗೆರೆಗಳಲ್ಲಿ 48ರ ಹತ್ತಿರ ಇರುವಾಗ ಮುಖ್ಯ ಅಳತೆಪಟ್ಟಿಯ ಮುಂದಿನ ಗೆರೆ ಇನ್ನೇನು ಬಂದೇಬಿಟ್ಟಿತು ಅನ್ನೋ ಹಾಗೆ ಇಣುಕುತ್ತದೆ. ಕಲಿಯುವ ಮೊದಲ ವಾರದಲ್ಲೇ ಎಲ್ಲರಿಗೂ ಹೇಳಿಕೊಡುವ ವಿಷಯ. ನಿಜವಾದ ಅಳತೆ 19.98. ನಾನು ಓದಿದ್ದು 20.48. ಅರ್ಧ ಮಿಲಿಮೀಟರ್ ದಪ್ಪ ಇದೆ ಅಂತ, ಅಷ್ಟು ಹೆಚ್ಚು ಕತ್ತರಿಸುವಂತೆ ಮಷೀನಿಗೆ ಆಫ್‌ಸೆಟ್ ಕೊಟ್ಟೆ. ಆಮೇಲೆ ಒಂದು ಪೀಸನ್ನೂ ಅಳೆಯಲಿಲ್ಲ. ಆರು ಗಂಟೆಗೆ ಬಂದ ಇನ್‌ಸ್ಪೆಕ್ಟರ್ ಹದಿನೇಳು ಶಾಫ್ಟುಗಳನ್ನು ರಿಜೆಕ್ಟ್ ಮಾಡಿ ಕೆಂಪು ಟ್ರೇಗೆ ಹಾಕಿದರು.

ಅದಾದ ಮೇಲೆ ಬೈಕ್ ಹತ್ತಿ ತುಮಕೂರು ರೋಡಿನಲ್ಲಿ ಮನೆಗೆ ಬಂದದ್ದೇ ದೊಡ್ಡ ಹುಚ್ಚುತನ. ಆಸ್ಟ್ರೇಲಿಯಾದಲ್ಲಿ 1997ರಲ್ಲಿ ನಡೆದ ಅಧ್ಯಯನ ಒಂದಿದೆ. 17 ಗಂಟೆ ಸತತ ಎಚ್ಚರವಿದ್ದವರ ಕೈ ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರಷ್ಟೇ ಇತ್ತು. 24 ಗಂಟೆಗೆ ಅದು 0.1ರ ಸಮ. ನಮ್ಮಲ್ಲಿ ಕುಡಿದು ಗಾಡಿ ಓಡಿಸುವುದಕ್ಕೆ ಕಾನೂನಿನ ಮಿತಿ 0.03. ಸೋಮವಾರ ಬೆಳಿಗ್ಗೆ ಏಳಕ್ಕೆ ಎದ್ದು, ಮಧ್ಯಾಹ್ನ ಮಲಗದೆ ಮೊದಲ ನೈಟ್ ಮಾಡಿದವನು ಮಂಗಳವಾರ ಆರಕ್ಕೆ ಗೇಟ್ ದಾಟುವಾಗ 23 ಗಂಟೆ ಎಚ್ಚರವಿದ್ದಾನೆ. ಪೊಲೀಸರ ಮಷೀನಿಗೆ ಊದಿದರೆ ಸೊನ್ನೆ ತೋರಿಸುತ್ತದೆ, ಅಷ್ಟೇ.

ಅದಕ್ಕೇ ನೈಟ್ ವಾರದಲ್ಲಿ ಬೈಕ್ ಬಿಟ್ಟು ಬಸ್ ಹಿಡಿದೆ. ಬಸ್ಸಿನಲ್ಲಿ ಕಪ್ಪು ಕನ್ನಡಕ. ನೋಡಿದವರು ನಗುತ್ತಾರೆ, ನಗಲಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ನೀರುಗಂಟಿಗೆ ಬೆಳಗಾಯಿತು ಅಂತ ಸುದ್ದಿ ಹೋಗುತ್ತದೆ. ಕಣ್ಣಿನಲ್ಲಿ ನೋಡೋದಕ್ಕಲ್ಲದೆ ಬರೀ ಬೆಳಕಿನ ಲೆಕ್ಕ ಇಡೋದಕ್ಕೇ ಬೇರೆ ಕೋಶಗಳಿವೆ. ನೀಲಿ ಬೆಳಕಿಗೆ ಅವು ಜಾಸ್ತಿ ಚುರುಕು. ಅವು ಸಿಕ್ಕಿದ್ದು 2002ರಷ್ಟು ಈಚೆಗೆ. (ಈ ಕನ್ನಡಕ ಹಾಕಿಕೊಂಡು ತೂಕಡಿಸುತ್ತಾ ಗಾಡಿ ಓಡಿಸುವ ಯೋಚನೆ ಮಾತ್ರ ಬೇಡ.)

ಮನೆಯಲ್ಲಿ ಕಿಟಕಿಗೆ ಕಪ್ಪು ಬಟ್ಟೆ. ಸದ್ದಿಗೆ ಮಾತ್ರ ಮದ್ದಿಲ್ಲ. ಎಂಟಕ್ಕೆ ಹಾಡು ಹಾಕಿಕೊಂಡು ಕಸದ ಆಟೋ, ಒಂಬತ್ತಕ್ಕೆ ಪಕ್ಕದ ಮನೆಯ ಕುಕ್ಕರ್, ಹತ್ತೂವರೆಗೆ ಮೈಕಿನಲ್ಲಿ ಈರುಳ್ಳಿ. ಫ್ಯಾನ್ ಜೋರಾಗಿ ತಿರುಗಿದರೆ ಆ ಗುಂಯ್ ಸದ್ದಿನಲ್ಲಿ ಸ್ವಲ್ಪ ಮುಚ್ಚಿಹೋಗುತ್ತದೆ. ಕರೆಂಟ್ ಹೋದರೆ ಮುಗಿಯಿತು. ಹಗಲು ನಿದ್ದೆ ರಾತ್ರಿಯದಕ್ಕಿಂತ ಒಂದರಿಂದ ನಾಲ್ಕು ಗಂಟೆ ಕಡಿಮೆ ಬೀಳೋದು ಸಾಮಾನ್ಯ. ಹಾಗಾಗಿ ನಾನು ಕಂತಿನಲ್ಲಿ ತೀರಿಸುತ್ತೇನೆ. ಬೆಳಿಗ್ಗೆ ಏಳೂವರೆಯಿಂದ ಸಿಕ್ಕಷ್ಟು, ಉಳಿದದ್ದು ಮಧ್ಯಾಹ್ನ ಮೂರರಿಂದ ಒಂದೂವರೆ ಗಂಟೆ. ಸಂಜೆ ಏಳಕ್ಕೆ ಪ್ರಯತ್ನವನ್ನೂ ಮಾಡುವುದಿಲ್ಲ.

ಟೀ ವಿಷಯ. ಕೆಫೀನ್ ಟ್ಯಾಂಕನ್ನು ಖಾಲಿ ಮಾಡುವುದಿಲ್ಲ, ಎಷ್ಟು ತುಂಬಿದೆ ಅಂತ ತೋರಿಸುವ ಮುಳ್ಳನ್ನು ಮುಚ್ಚುತ್ತದೆ ಅಷ್ಟೇ. ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೋಗಲು ಐದಾರು ಗಂಟೆ ಬೇಕು. ಕ್ಯಾಂಟೀನಿನಲ್ಲಿ ಹನ್ನೆರಡರ ಟೀ ಪರವಾಗಿಲ್ಲ. ಎಲ್ಲರೂ ಕಾದು ಕೂರುವ ಐದು ಗಂಟೆಯ ಟೀ ಇದೆಯಲ್ಲ, ಅದರ ಅರ್ಧ ಹತ್ತು ಗಂಟೆಗೂ ಒಳಗೇ ಇರುತ್ತದೆ. ನೈಟ್ ಮುಗಿಸಿ ಕ್ವಾರ್ಟರ್ ಹಾಕಿ ಮಲಗುವವರೂ ಇದ್ದಾರೆ. ಕಣ್ಣು ಬೇಗ ಮುಚ್ಚುತ್ತದೆ ನಿಜ, ಎರಡು ಮೂರು ಗಂಟೆಗೇ ಬಿಚ್ಚಿಕೊಳ್ಳುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳುವುದಂತೂ ಬೇಡವೇ ಬೇಡ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಇದೇ ಪಾಡಾದರೆ ಅದಕ್ಕೆ ಡಾಕ್ಟರೇ ಬೇಕು. ಮಾತ್ರೆಗಿಂತ ಮೊದಲು ಅಭ್ಯಾಸ ತಿದ್ದುವ ಚಿಕಿತ್ಸೆ ಇದೆ. ಅದರ ಒಂದು ಪಾಠ ನನ್ನ ಭಾನುವಾರಕ್ಕೆ ಒದಗಿತು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡುತ್ತಾ ಇರಬೇಡಿ, ಎದ್ದು ಬನ್ನಿ, ತೂಕಡಿಕೆ ಬಂದಾಗ ವಾಪಸ್ ಹೋಗಿ. ಇಲ್ಲದಿದ್ದರೆ ಹಾಸಿಗೆ ಕಂಡರೇ ಎಚ್ಚರವಾಗುವ ಚಟ ಮೈಗೆ ಅಂಟುತ್ತದೆ.

ಈಗ ಸೆಕೆಂಡ್ ಶಿಫ್ಟ್ ವಾರದ ಶನಿವಾರ ಏಳಕ್ಕೇ ಏಳುತ್ತೇನೆ, ಭಾನುವಾರ ಆರಕ್ಕೆ. ಎದ್ದವನು ಟೆರೇಸಿನ ಬಿಸಿಲಿನಲ್ಲಿ ಅರ್ಧ ಗಂಟೆ. ರಾತ್ರಿ ಹತ್ತಕ್ಕೆ ಮುಂಚೆ ಹಾಸಿಗೆಯ ಕಡೆ ತಲೆ ಹಾಕುವುದಿಲ್ಲ. ಟೀವಿಯನ್ನೂ ನೋಡುತ್ತೇನೆ, ಸ್ವಲ್ಪ ದೂರ ಕೂತು. ಸಿಗೋದು ಐದೂವರೆ, ಆರು ಗಂಟೆ. ಸೋಮವಾರ ಮೂರಕ್ಕೆ ಸಣ್ಣ ನಿದ್ದೆ. ಎಂಟೂವರೆಯ ಕಾಲದಲ್ಲಿ ನಾಲ್ಕು ಸಿಕ್ಕರೆ ಹೆಚ್ಚಾಗಿತ್ತು.

ಚಾರ್ಟಿನ ದಿಕ್ಕಿನ ವಿಷಯವನ್ನು ಶಾಪಿನ ಕಮಿಟಿಯಲ್ಲಿ ಎತ್ತಿದೆ. ಯೂಟಾ ಕತೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಹುಲಿಯೂರುದುರ್ಗದ ಕಡೆಯ ಹುಡುಗನೊಬ್ಬ ಎದ್ದು ಬೋರ್ಡಿನ ಮೇಲೆ ಲೆಕ್ಕ ಬರೆದ. ಈಗಿನ ಚಾರ್ಟಿನಲ್ಲಿ ಫಸ್ಟ್ ವಾರ ಶನಿವಾರ ಮಧ್ಯಾಹ್ನ ಎರಡಕ್ಕೆ ಮುಗಿದರೆ ಮತ್ತೆ ಬರೋದು ಸೋಮವಾರ ರಾತ್ರಿ ಹತ್ತಕ್ಕೆ. 56 ಗಂಟೆ. ಮಿಕ್ಕ ಎರಡು ಸಲ 32, 32. ದಿಕ್ಕು ತಿರುಗಿಸಿದರೆ 48, 48, ಮತ್ತೆ ನೈಟ್‌ನಿಂದ ಫಸ್ಟಿಗೆ ಬರುವಾಗ ಬರೀ 24. ಎರಡರಲ್ಲೂ ಕೂಡಿದರೆ 120ಯೇ.

"ಅಣ್ಣ, ನಿಮ್ ಸೈನ್ಸ್ ಎಲ್ಲಾ ಸರಿ. ಆದ್ರೆ ಆ ಶನಿವಾರ ಎರಡಕ್ಕೆ ಬಿಟ್ರೆ ರಾತ್ರಿ ಊರಲ್ಲಿ ಮುದ್ದೆ ಉಣ್ತೀನಿ. ಸೋಮವಾರ ಗದ್ದೆ ಕೆಲ್ಸ ಮುಗಿಸ್ಕೊಂಡೇ ಬಸ್ ಹತ್ತೋದು" ಅಂದ.

"ಇದ್ದ ಹಾಗೇ ಇರಲಿ ಅನ್ನುವವರು ಕೈ ಎತ್ತಿ" ಅಂತ ಕಮಿಟಿಯವರು ಅಂದರು. ನಮ್ಮೂರು ಕುಣಿಗಲ್ ಹತ್ತಿರ. ಅಮ್ಮ ಒಬ್ಬಳೇ ಇದ್ದಾಳೆ. ನಾನೂ ಕೈ ಎತ್ತಿದೆ.