ಎಲಚಿಯೋ ಮಂಗಾರೆಯೋ, ಕೊಯ್ದು ನೋಡಿ

ಸಂಕ್ರಾಂತಿ ಹತ್ತಿರವಾದಂತೆ ಶಿರಾ, ಪಾವಗಡ, ಮಧುಗಿರಿಯ ಬದುಗಳಲ್ಲಿ ಎಲಚಿ ಹಣ್ಣಾಗುತ್ತದೆ. ಸಸ್ಯಶಾಸ್ತ್ರ ಬೋಧಿಸುವ ನನ್ನ ಬಳಿಗೆ ಆಗ ಪ್ರತಿ ವರ್ಷವೂ ಯಾರಾದರೊಬ್ಬರು ಮಡಿಲಲ್ಲಿ ಹಣ್ಣು ತಂದು, ಇದನ್ನು ಮಕ್ಕಳಿಗೆ ಕೊಡಬಹುದೇ ಎಂದು ಕೇಳುತ್ತಾರೆ. ಕೇಳುವುದು ಸರಿಯಾದ ಕ್ರಮ. ಏಕೆಂದರೆ ಅದೇ ಕುರುಚಲು ಕಾಡಿನಲ್ಲಿ, ಅದೇ ಚಳಿಗಾಲದಲ್ಲಿ, ಮುಳ್ಳಿನ ಮತ್ತೊಂದು ಗಿಡವಾದ ಮಂಗಾರೆಯೂ ಹಳದಿ ಹಣ್ಣು ಬಿಟ್ಟಿರುತ್ತದೆ. ಆಯುರ್ವೇದದಲ್ಲಿ ಮದನಫಲವೆಂದು ಕರೆದು ವಾಂತಿ ಮಾಡಿಸಲು ಬಳಸುವುದು ಈ ಮಂಗಾರೆಯನ್ನೇ.

ಮುಳ್ಳಿದೆ ಎಂಬುದೊಂದೇ ಗುರುತಲ್ಲ, ಮುಳ್ಳು ಹೇಗಿದೆ ಎಂಬುದನ್ನು ನೋಡಬೇಕು. ಎಲಚಿಯಲ್ಲಿ ಎಲೆಯ ಬುಡಕ್ಕೆ ಸಾಮಾನ್ಯವಾಗಿ ಎರಡು ಮುಳ್ಳುಗಳಿದ್ದು, ಒಂದು ನೆಟ್ಟಗೂ ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿಯೂ ಇರುತ್ತದೆ. ಎಲೆಯ ತೊಟ್ಟಿನಿಂದಲೇ ಮೂರು ನರಗಳು ಹೊರಡುತ್ತವೆ. ಮೇಲ್ಭಾಗ ಹೊಳೆಯುವ ಹಸಿರು, ತಿರುವಿದರೆ ನವಿರಾದ ಬಿಳಿ ರೋಮ. ಮಂಗಾರೆಯ ಮುಳ್ಳು ಉದ್ದವಾಗಿ ನೇರವಾಗಿರುತ್ತದೆ, ಎಲೆಗಳು ಗೊಂಚಲುಗೊಂಚಲಾಗಿ ಕೂಡಿರುತ್ತವೆ, ಹಣ್ಣಿನ ತುದಿಯಲ್ಲಿ ಸೀಬೆಕಾಯಿಗಿರುವಂತೆ ಒಣಗಿದ ಪುಷ್ಪಪಾತ್ರದ, ಅಂದರೆ ಹೂವಿನ ಹೊರಸುತ್ತಿನ ಎಸಳುಗಳ, ಕಿರೀಟ ಉಳಿದಿರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಹಣ್ಣನ್ನು ಅಡ್ಡಕ್ಕೆ ಕೊಯ್ಯಿರಿ: ಎಲಚಿಯಲ್ಲಿ ಗಟ್ಟಿಯಾದ ಒಂದೇ ಓಟೆ, ಮಂಗಾರೆಯಲ್ಲಿ ತಿರುಳಿನ ನಡುವೆ ಅನೇಕ ಬೀಜಗಳು. ಈ ಪರೀಕ್ಷೆ ಮಾಡದೆ ಬಾಯಿಗಿಡಬಾರದು. ಪೊದೆಗಳ ಮೇಲೆ ಹಬ್ಬಿ, ಬಟಾಣಿಯಷ್ಟು ಗಾತ್ರದ ಮಿರುಗುವ ಕಪ್ಪು ಹಣ್ಣು ಬಿಡುವ ಪರಗಿಯೂ ಎಲಚಿಯ ಕುಲದ್ದೇ, ಅದನ್ನೂ ತಿನ್ನಬಹುದು.

ಕೊಯ್ದು ನೋಡುವುದರಿಂದ ಇನ್ನೊಂದು ಉಪಯೋಗವಿದೆ. ಹಣ್ಣುನೊಣವು ಎಳೆಗಾಯಿಯಲ್ಲೇ ಮೊಟ್ಟೆಯಿಡುವುದರಿಂದ, ಹೊರಗೆ ಚೆನ್ನಾಗಿ ಕಾಣುವ ಹಣ್ಣಿನೊಳಗೂ ಓಟೆಯ ಸುತ್ತ ಹುಳು ಇರಬಹುದು. ಹೊತ್ತಿಗೆ ಮುಂಚೆ ಉದುರಿದ ಹಣ್ಣುಗಳನ್ನು ನಾನು ಆರಿಸುವುದೇ ಇಲ್ಲ. ಈ ಹುಳು ಮಣ್ಣಿಗಿಳಿದು ಕೋಶವಾಗಿ, ಅದರಿಂದ ಮತ್ತೆ ನೊಣವಾಗಿ ಹೊರಬರುತ್ತದೆ. ಆದ್ದರಿಂದ ಬದುವಿನ ಮರ ನಿಮ್ಮದೇ ಆಗಿದ್ದರೆ, ಕೊಳೆತ ಹಣ್ಣನ್ನು ಆರಿಸಿ ತೆಗೆದು, ಬುಡದ ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡುವುದರಿಂದ ಮುಂದಿನ ವರ್ಷ ಕಾಟ ತಗ್ಗುತ್ತದೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಆರಿಸಲು ಹೋಗಬೇಡಿ.

ಸಂಕ್ರಾಂತಿಯಂದು ಮಕ್ಕಳ ತಲೆಯ ಮೇಲೆ ಎರೆಯಲು ಬಳಸಿ ಉಳಿದ ಹಣ್ಣಿನಿಂದ ವಡೆ ತಟ್ಟಬಹುದು. ಪಾವಗಡ, ಬಾಗೇಪಲ್ಲಿಯ ಕಡೆ ತೆಲುಗು ಮಾತನಾಡುವ ಮನೆಗಳಲ್ಲಿ ಎಲಚಿಗೆ ರೇಗಿ ಎನ್ನುತ್ತಾರೆ, ವಡೆಗೆ ರೇಗಿ ವಡಿಯಾಲು. ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಮೆತ್ತಗಾದ ಹಣ್ಣನ್ನು ತೊಳೆದು, ಒರಳಿನಲ್ಲಿ ಉಪ್ಪು, ಬೆಲ್ಲ, ಒಣಮೆಣಸಿನಕಾಯಿ, ಜೀರಿಗೆಯೊಂದಿಗೆ ಓಟೆ ಪುಡಿಯಾಗದಂತೆ ಹದವಾಗಿ ಕುಟ್ಟಬೇಕು. ಬಟ್ಟೆಯ ಮೇಲೆ ತಟ್ಟಿ, ತೇವ ಸಂಪೂರ್ಣ ಹೋಗುವವರೆಗೆ ದಿನವೂ ತಿರುವಿ ಹಾಕಿ ಒಣಗಿಸಬೇಕು. ನಡುವೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ತಿನ್ನುವಾಗ ಓಟೆಯನ್ನು ಉಗುಳಬೇಕಾದ್ದರಿಂದ ಚಿಕ್ಕ ಮಕ್ಕಳಿಗೆ ಬಿಡಿಸಿಯೇ ಕೊಡಿ.

ಕಾಡು ಎಲಚಿಗೆ ಉಮ್ರಾನ್‌ನಂತಹ ದೊಡ್ಡ ಹಣ್ಣಿನ ತಳಿಯ ಕಣ್ಣು (ಚಿಗುರುಮೊಗ್ಗು) ಕಸಿ ಮಾಡಿಸುವ ರೈತರಿದ್ದಾರೆ. ಆಳಕ್ಕಿಳಿದ ತಾಯಿಬೇರು ಹಾಗೆಯೇ ಉಳಿಯುವುದರಿಂದ ನೀರಿಲ್ಲದ ಹೊಲಕ್ಕೆ ಅದು ಒಳ್ಳೆಯ ಉಪಾಯ. ಆದರೂ ಒಂದೆರಡು ಮರಗಳನ್ನು ಕಸಿ ಮಾಡದೆ ಬಿಡಿ ಎಂದು ನಾನು ಅವರಿಗೆ ಹೇಳುತ್ತೇನೆ. ವಡೆಗೆ ಬೇಕಾದ ಹುಳಿ ಇರುವುದು ಆ ಸಣ್ಣ ಹಣ್ಣಿನಲ್ಲಿಯೇ.