ಸೈಕಲ್‌ಗೆ ಎಷ್ಟು ನಿಮಿಷದ ಬೀಗ ಬೇಕು?

ಕಳ್ಳ ನನಗೆ ಬಿಟ್ಟು ಹೋಗಿದ್ದು ಬೀಗವನ್ನು ಮಾತ್ರ. ಬೆಳಿಗ್ಗೆ ಮೆಟ್ರೊ ಸ್ಟೇಷನ್ ಪಕ್ಕದ ಗ್ರಿಲ್ಲಿಗೆ ಸೈಕಲ್ ಕಟ್ಟಿ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹಾವು ಪೊರೆ ಬಿಟ್ಟು ಹೋದ ಹಾಗೆ ನೀಲಿ ಕೇಬಲ್ ನೆಲದ ಮೇಲೆ ಬಿದ್ದಿತ್ತು. ನಂಬರ್ ಚಕ್ರಗಳು ನಾನು ತಿರುಗಿಸಿಟ್ಟ ಹಾಗೇ ಇದ್ದವು. ಅವುಗಳ ತಂಟೆಗೆ ಯಾರೂ ಹೋಗಿರಲಿಲ್ಲ.

ಸಿಟ್ಟಿಗೆ ಎಸೆದುಬಿಡೋಣ ಅನಿಸಿತು. ಆದರೂ ಮನೆಗೆ ತಂದು, ಕತ್ತರಿಸಿದ ಕಡೆ ಸ್ಕೇಲ್ ಇಟ್ಟು ಅಳೆದೆ. ಹೊರಗಿನಿಂದ 10 ಮಿ.ಮೀ. ದಪ್ಪ. ಒಳಗಿನ ಉಕ್ಕು 6 ಮಿ.ಮೀ. ಮಿಕ್ಕಿದ್ದು ಪ್ಲಾಸ್ಟಿಕ್. ಅರ್ಧಕ್ಕಿಂತ ಜಾಸ್ತಿ ಉಕ್ಕೇ ಇದೆಯಲ್ಲ ಅನ್ನಬಹುದು. ಆದರೆ ಕತ್ತರಿಸುವವನ ಲೆಕ್ಕ ಬೇರೆ. ಅವನು ಸೀಳಬೇಕಾದದ್ದು ತುಂಡಾದ ಮುಖದ ವಿಸ್ತೀರ್ಣವನ್ನು. ಅದು ದಪ್ಪದ ವರ್ಗದ ಪ್ರಕಾರ ಏರಿಳಿಯುತ್ತದೆ. ಆರಾರಲೆ ಮೂವತ್ತಾರು, ಹತ್ತತ್ತಲೆ ನೂರು. ಅಂದರೆ ನಾನು ನಂಬಿದ್ದ ಆ ದಪ್ಪದಲ್ಲಿ ಉಕ್ಕು ಇದ್ದದ್ದು ಮೂರನೇ ಒಂದು ಪಾಲಿನಷ್ಟು. ಅದೂ ಇಡೀ ಸರಳಲ್ಲ, ಸಣ್ಣ ಸಣ್ಣ ತಂತಿಗಳ ಹುರಿ. ಹುರಿ ಎಳೆತಕ್ಕೆ ಬಲು ಗಟ್ಟಿ. ಆದರೆ ಕಳ್ಳ ಎಳೆಯುವುದಿಲ್ಲವಲ್ಲ. ಕಟಿಂಗ್ ಪ್ಲೇಯರ್ ಹಿಡಿದು ಒಂದೊಂದೇ ಎಳೆ ಕತ್ತರಿಸುತ್ತಾ ಹೋಗುತ್ತಾನೆ.

ಹೊಸ ಸೈಕಲ್‌ಗಿಂತ ಮೊದಲು ಹೊಸ ಬೀಗ ಹುಡುಕಲು ಶುರು ಮಾಡಿದ್ದು ಹೀಗೆ. ತಿಂಗಳುಗಟ್ಟಲೆ ಓದಿದ ಮೇಲೆ ಒಂದು ವಿಷಯ ಖಾತ್ರಿಯಾಯಿತು. ಒಡೆಯಲಾಗದ ಬೀಗ ಅಂತ ಒಂದಿಲ್ಲ. ಅಂಗಡಿಯಲ್ಲಿ ನಾವು ಕೊಳ್ಳುವುದು ನಿಮಿಷಗಳನ್ನು. ಜೊತೆಗೆ ಒಂದಿಷ್ಟು ಸದ್ದನ್ನು.

ಹಳೇ ಕಪ್ಪು ಸೈಕಲ್‌ಗಳ ಹಿಂದಿನ ಚಕ್ರಕ್ಕೆ ಕುದುರೆ ಲಾಳದ ಆಕಾರದ ಬೀಗ ಇರುತ್ತಿತ್ತು, ನೆನಪಿದೆಯಾ? ಟಕ್ ಅಂತ ಒತ್ತಿದರೆ ಒಂದು ಸರಳು ಕಡ್ಡಿಗಳ ನಡುವೆ ತೂರಿಕೊಳ್ಳುತ್ತಿತ್ತು. ಸೈಕಲನ್ನು ಅದು ಯಾವುದಕ್ಕೂ ಕಟ್ಟಿಹಾಕುತ್ತಿರಲಿಲ್ಲ. ಚಕ್ರ ತಿರುಗದಂತೆ ತಡೆಯುತ್ತಿತ್ತು, ಅಷ್ಟೇ. ಆದರೂ ನಡೆಯುತ್ತಿತ್ತು. ಇಪ್ಪತ್ತು ಕಿಲೋ ಕಬ್ಬಿಣ ಹೊತ್ತುಕೊಂಡು ಯಾರು ಓಡುತ್ತಾರೆ? ಜೊತೆಗೆ ಅದು ಯಾರ ಮನೆ ಸೈಕಲ್ ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಈಗಿನ ಅಲ್ಯೂಮಿನಿಯಂ ಫ್ರೇಮಿನ ಗೇರ್ ಸೈಕಲ್ ಹನ್ನೆರಡು, ಹದಿಮೂರು ಕಿಲೋ ತೂಗುತ್ತದೆ. ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಬಹುದು. ಅದು ಯಾರದ್ದು ಅಂತ ಪಕ್ಕದ ಫ್ಲ್ಯಾಟಿನವರಿಗೂ ಗೊತ್ತಿರುವುದಿಲ್ಲ. ಲಾಳದ ಬೀಗ ಈಗಲೂ ಬೇಡ ಅಂತಲ್ಲ, ಹಾಲು ತರಲು ಹೋದಾಗ ಸಾಕು.

ಗಟ್ಟಿ ಬೀಗ ಅನ್ನುತ್ತೇವಲ್ಲ, ಆ 'ಗಟ್ಟಿ'ಯಲ್ಲಿ ಎರಡು ಗುಣಗಳು ಸೇರಿಕೊಂಡಿವೆ. ಮಜಾ ಏನೆಂದರೆ ಎರಡಕ್ಕೂ ಪರಸ್ಪರ ಆಗಿಬರುವುದಿಲ್ಲ. ಗಾಜಿನ ಬಳೆಯಿಂದ ತಾಮ್ರದ ತಂತಿ ಮೇಲೆ ಗೀರು ಎಳೆಯಬಹುದು. ತಂತಿಯಿಂದ ಬಳೆ ಮೇಲೆ ಗೀರು ಬೀಳಲ್ಲ. ಆ ಮಟ್ಟಿಗೆ ಬಳೆ ಗಟ್ಟಿ. ಆದರೆ ಎರಡನ್ನೂ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಬಳೆ ಚೂರುಚೂರು. ತಂತಿ ಚಪ್ಪಟೆಯಾಗುತ್ತದೆ, ಮುರಿಯುವುದಿಲ್ಲ. ಬೀಗಕ್ಕೆ ಎರಡೂ ಬೇಕು. ಬರೀ ಬಳೆಯಂತಿದ್ದರೆ ಒಂದೇ ಏಟಿಗೆ ಸಿಡಿಯುತ್ತದೆ. ಬರೀ ತಂತಿಯಂತಿದ್ದರೆ ಗರಗಸಕ್ಕೆ ಬೆಣ್ಣೆ.

ದಾರಿ ಇರುವುದು ಇಂಗಾಲದಲ್ಲಿ. ಉಕ್ಕು ಅಂದರೆ ಕಬ್ಬಿಣದೊಳಗೆ ಸ್ವಲ್ಪವೇ ಸ್ವಲ್ಪ ಇಂಗಾಲ. ಅದು ಹೆಚ್ಚಿದಷ್ಟೂ ಕಾಯಿಸಿ ತಣಿಸಿದಾಗ ಉಕ್ಕು ಗಡುಸಾಗುತ್ತದೆ, ಏಟಿಗೆ ಸಿಡಿಯುವಂತೆಯೂ ಆಗುತ್ತದೆ. (ನಮ್ಮ ಕಡೆಯವರು ಮುಚ್ಚಿದ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ, ಎಲೆ ಹಾಕಿ ಕಾಯಿಸಿ ಈ ಕೆಲಸವನ್ನು ಶತಮಾನಗಳ ಹಿಂದೆಯೇ ಮಾಡುತ್ತಿದ್ದರು. ಆ ಉಕ್ಕಿಗೆ ಇಂಗ್ಲಿಷಿನಲ್ಲಿ ಇರುವ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಅಂತ ಹಲವು ವಿದ್ವಾಂಸರು ಹೇಳುತ್ತಾರೆ.) ಬೀಗದ ಕೊಂಡಿಗೆ ಇಂಗಾಲವನ್ನು ಹೊರಮೈಗೆ ಮಾತ್ರ ಉಣಿಸುವ ಒಂದು ವಿಧಾನವಿದೆ. ಕಡಿಮೆ ಇಂಗಾಲದ ಉಕ್ಕಿನ ಸರಳನ್ನು ಇಂಗಾಲ ತುಂಬಿದ ವಾತಾವರಣದಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಮೇಲಿನ ಒಂದು ಮಿ.ಮೀ.ನಷ್ಟು ಪದರಕ್ಕೆ ಇಂಗಾಲ ಇಳಿಯುತ್ತದೆ. ಆಮೇಲೆ ಸರ್ರನೆ ತಣಿಸುತ್ತಾರೆ. ಕಮ್ಮಾರ ಕುಡುಗೋಲನ್ನು ಕುಲುಮೆಯಿಂದ ತೆಗೆದು ನೀರಿಗೆ ಅದ್ದುತ್ತಾನಲ್ಲ, ಹಾಗೆ. ಹೊರಗೆ ಬಳೆ, ಒಳಗೆ ತಂತಿ. ಹ್ಯಾಕ್ಸಾ ಬ್ಲೇಡ್ ಮೇಲ್ಮೈಯಲ್ಲೇ ಜಾರುತ್ತದೆ. ಸುತ್ತಿಗೆ ಏಟನ್ನು ಒಳಗಿನ ಮೆದು ಉಕ್ಕು ನುಂಗುತ್ತದೆ.

ಬೋಲ್ಟ್ ಕಟರ್‌ಗೂ ಇದೇ ಲೆಕ್ಕ. ಅದು ಸುಮಾರು 90 ಸೆಂ.ಮೀ. ಉದ್ದದ ಹಿಡಿಗಳಿರುವ ಸನ್ನೆಗೋಲು. ಮೈಭಾರ ಹಾಕಿ ಒತ್ತಿದರೆ ಬಾಯಿಯಲ್ಲಿ ಟನ್‌ಗಟ್ಟಲೆ ಒತ್ತಡ ಹುಟ್ಟುತ್ತದೆ. ಸಾಧಾರಣ ಉಕ್ಕಿನ 10 ಮಿ.ಮೀ. ಸರಳು ಕಟ್ ಅನ್ನುತ್ತದೆ. 16 ಮಿ.ಮೀ. ಆದರೆ? 16ರ ವರ್ಗ 256. ಎರಡೂವರೆ ಪಟ್ಟು ಕೆಲಸ. ಅದು ಮೇಲ್ಮೈ ಗಡುಸು ಮಾಡಿದ ಉಕ್ಕಾಗಿದ್ದರೆ ಕಟರ್‌ನ ಬಾಯಿಯೇ ಹಲ್ಲು ಕಳೆದುಕೊಳ್ಳಬಹುದು. ಒಳ್ಳೇ ಚೈನ್ ಬೀಗಗಳ ಕೊಂಡಿಗಳು ದುಂಡಗಿರದೆ ಚೌಕವಾಗಿಯೋ ಆರು ಮೂಲೆಯಾಗಿಯೋ ಇರುವುದೂ ಕಟರ್‌ಗೆ ಸುಲಭವಾಗಿ ಹಿಡಿತ ಸಿಗಬಾರದು ಅಂತಲೇ. ಚೈನನ್ನು ನೆಲಕ್ಕೆ ತಾಗುವಂತೆ ಮಾತ್ರ ಬಿಡಬೇಡಿ. ಕಟರ್‌ನ ಒಂದು ಹಿಡಿ ನೆಲಕ್ಕೂರಿ, ಇನ್ನೊಂದರ ಮೇಲೆ ಕಳ್ಳ ಕುಣಿಯುತ್ತಾನೆ.

ಇನ್ನು ಜಾಕ್. ಕಾರು ಎತ್ತುವ ಜಾಕನ್ನು ಯು-ಲಾಕ್‌ನ (ಇಂಗ್ಲಿಷಿನ U ಆಕಾರದ ಉಕ್ಕಿನ ಕೊಂಡಿ, ಅದರ ಎರಡು ಕಾಲುಗಳಿಗೆ ಅಡ್ಡಲಾಗಿ ಬೀಗದ ಪಟ್ಟಿ) ಒಳಗಿಟ್ಟು ತಿರುಗಿಸಿದರೆ ಬೀಗದ ಬಾಯಿ ಬಿಚ್ಚುತ್ತದೆ. ಆದರೆ ಜಾಕ್ ಒಳಗೆ ಹೋಗಲು ಜಾಗ ಬೇಕಲ್ಲ. ಅದಕ್ಕೇ ಯು-ಲಾಕ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಅಂಗಡಿಯಲ್ಲಿ ಎಲ್ಲರೂ ದೊಡ್ಡದೇ ಬೇಕು ಅನ್ನುತ್ತಾರೆ. ನಾನೂ ಅಂದಿದ್ದೆ.

ಈ ಯು-ಲಾಕ್ ಹೆಸರು ಮಾಡಿದ್ದು ಅಮೆರಿಕದಲ್ಲಿ, 1970ರ ದಶಕದಲ್ಲಿ. 1971ರಲ್ಲಿ ಶುರುವಾದ ಕ್ರಿಪ್ಟೊನೈಟ್ ಕಂಪನಿ ಆಗ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಕಂಬವೊಂದಕ್ಕೆ ಸೈಕಲ್ ಕಟ್ಟಿ 30 ದಿನ ಹಾಗೇ ಬಿಟ್ಟಿತು. ಬಿಚ್ಚಲು ಬರುವ ಭಾಗಗಳನ್ನೆಲ್ಲ ಜನ ಬಿಚ್ಚಿಕೊಂಡು ಹೋದರು. ಬೀಗ, ಮತ್ತು ಬೀಗ ಹಿಡಿದಿದ್ದ ಭಾಗ ಮಾತ್ರ ಉಳಿದವು. ಇದಕ್ಕಿಂತ ಒಳ್ಳೇ ಜಾಹೀರಾತು ಬೇಕೆ? ಆದರೆ 2004ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿಯ ಬೀಗಗಳನ್ನು ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ನಳಿಗೆಯಿಂದ ತೆಗೆಯಬಹುದು ಅಂತ ಒಬ್ಬ ಸೈಕಲ್ ಸವಾರ ಬಯಲು ಮಾಡಿದ. ಉಕ್ಕಿಗೆ ಏನೂ ಆಗಿರಲಿಲ್ಲ. ಸೋತದ್ದು ಕೀ ಹಾಕುವ ತೂತು.

ಹೇಗೆ ಅಂತ ನೋಡೋಣ. ಸಾಮಾನ್ಯ ಬೀಗದೊಳಗೆ ಸ್ಪ್ರಿಂಗ್ ಮೇಲೆ ಕುಳಿತ ಚಿಕ್ಕ ಪಿನ್‌ಗಳ ಸಾಲು ಇರುತ್ತದೆ. ಪ್ರತಿ ಪಿನ್ನೂ ಎರಡು ತುಂಡು. ಸರಿಯಾದ ಕೀ ಹಾಕಿದಾಗ ಎಲ್ಲಾ ಪಿನ್‌ಗಳ ತುಂಡುಗಳ ನಡುವಿನ ಸಂದು ಒಂದೇ ಗೆರೆಗೆ ಬರುತ್ತದೆ, ಒಳಗಿನ ಉರುಳೆ ತಿರುಗುತ್ತದೆ. ಆ ಯು-ಲಾಕ್‌ಗಳಲ್ಲಿ ಪಿನ್‌ಗಳು ಸಾಲಾಗಿರದೆ ವೃತ್ತಾಕಾರದಲ್ಲಿದ್ದವು, ಕೀ ಕೊಳವೆಯಂತಿತ್ತು. ಪೆನ್ನಿನ ನಳಿಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೀ ತೂತಿನೊಳಗೆ ಕೂರುತ್ತಿತ್ತು. ಪ್ಲಾಸ್ಟಿಕ್ ಮೆದು. ಒತ್ತಿ ಅಲ್ಲಾಡಿಸಿದರೆ ಪ್ರತಿ ಪಿನ್ನೂ ತನಗೆ ಬೇಕಾದಷ್ಟು ಆಳಕ್ಕೆ ಅದರಲ್ಲಿ ಅಚ್ಚು ಒತ್ತಿಕೊಳ್ಳುತ್ತಿತ್ತು. ಬೀಗ ತನ್ನ ಕೀಯನ್ನು ತಾನೇ ಮಾಡಿಕೊಟ್ಟಂತಾಯಿತು. ಕಂಪನಿ ಲಕ್ಷಗಟ್ಟಲೆ ಬೀಗಗಳನ್ನು ಪುಕ್ಕಟೆ ಬದಲಿಸಿಕೊಟ್ಟಿತು. ತಮಾಷೆ ಏನೆಂದರೆ, 1992ರಲ್ಲೇ ಬ್ರಿಟನ್ನಿನ ಸೈಕಲ್ ಪತ್ರಿಕೆಯೊಂದರಲ್ಲಿ ಈ ದೋಷದ ಬಗ್ಗೆ ಬಂದಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಒಳ್ಳೇ ಸೈಕಲ್ ಬೀಗಗಳಲ್ಲಿ ಪಿನ್ ಬದಲು ತಿರುಗುವ ಬಿಲ್ಲೆಗಳಿರುತ್ತವೆ. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ವಿನ್ಯಾಸ ಅದು. ಸ್ಪ್ರಿಂಗ್ ಇಲ್ಲ, ಆದ್ದರಿಂದ ಧೂಳು, ಮಳೆಗೂ ಅಷ್ಟಾಗಿ ಜಗ್ಗುವುದಿಲ್ಲ.

ನಂಬರ್ ಬೀಗದ ಗುಟ್ಟು ಇನ್ನೂ ಸರಳ. ನಾಲ್ಕು ಚಕ್ರ ಅಂದರೆ 10,000 ಸಂಖ್ಯೆಗಳು. ಒಂದಕ್ಕೆ ಮೂರು ಸೆಕೆಂಡ್ ಅಂದರೂ ಎಲ್ಲ ಮುಗಿಸಲು ಎಂಟು ಗಂಟೆ ಮೇಲಾಗುತ್ತದೆ. ಕಾಗದದ ಮೇಲೆ ಭಲೇ ಭದ್ರ. ಆದರೆ ಅಗ್ಗದ ಬೀಗದ ಚಕ್ರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದಿಲ್ಲ. ಕೂದಲೆಳೆಯ ಸಡಿಲು ಇರುತ್ತದೆ. ಕೊಂಡಿಯನ್ನು ಎಳೆದು ಹಿಡಿದರೆ ಎಲ್ಲಕ್ಕಿಂತ ಮೊದಲು ಒಂದು ಚಕ್ರ ಬಿಗಿಯುತ್ತದೆ. ಅದು ತನ್ನ ಜಾಗಕ್ಕೆ ಬಂದಾಗ ಬೆರಳಿಗೇ ತಿಳಿಯುತ್ತದೆ. ಆಮೇಲೆ ಮುಂದಿನದು. ಹತ್ತು ಗುಣಿಸು ಹತ್ತು ಗುಣಿಸು ಹತ್ತು ಗುಣಿಸು ಹತ್ತು ಇದ್ದದ್ದು ಹತ್ತು ಕೂಡಿಸು ಹತ್ತು ಕೂಡಿಸು ಹತ್ತು ಕೂಡಿಸು ಹತ್ತು ಆಗಿಬಿಡುತ್ತದೆ. ಹತ್ತು ಸಾವಿರ ಹೋಗಿ ನಲವತ್ತು! ನನ್ನ ಬೀಗಕ್ಕೆ ಅಷ್ಟು ಜಾಣತನವೂ ಬೇಕಾಗಲಿಲ್ಲ ಅನ್ನೋದು ಬೇರೆ ಮಾತು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಉಕ್ಕು ದಪ್ಪವಾಯಿತು, ಕೀ ತೂತು ಸುಧಾರಿಸಿತು. ಅಷ್ಟರಲ್ಲಿ ಲೋಹ ಕತ್ತರಿಸುವ ಬ್ಯಾಟರಿ ಗ್ರೈಂಡರ್ ಬಂತು. ನಾಲ್ಕು ಇಂಚಿನ ಬಿಲ್ಲೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಅಂಚಿನಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡ್‌ನಂಥ ಹರಳಿನ ಪುಡಿ. ಎಷ್ಟೇ ಗಡುಸು ಮಾಡಿದ ಉಕ್ಕಿಗಿಂತಲೂ ಅದು ಗಡುಸು. ಒಂದೆರಡು ನಿಮಿಷದಲ್ಲಿ ಯು-ಲಾಕ್ ತುಂಡು. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಕೊಂಡಿಯ ಒಂದೇ ಕಾಲನ್ನು ಅಗುಳಿ ಹಿಡಿದಿದ್ದರೆ ಒಂದು ಕಡೆ ಕತ್ತರಿಸಿ ತಿರುಚಿದರೆ ಸಾಕು. ಎರಡೂ ಕಾಲಿಗೆ ಅಗುಳಿ ಇದ್ದರೆ ಎರಡು ಕಡೆ ಕತ್ತರಿಸಬೇಕು. ಸಮಯ ಎರಡರಷ್ಟು, ಕಿಡಿ ಎರಡರಷ್ಟು, ಕೀರಲು ಸದ್ದೂ ಎರಡರಷ್ಟು.

ಗ್ರೈಂಡರನ್ನು ಸೋಲಿಸಲು ಬೀಗವನ್ನು ಇನ್ನಷ್ಟು ಗಡುಸು ಮಾಡಿ ಪ್ರಯೋಜನವಿಲ್ಲ. ಬಿಲ್ಲೆಯನ್ನೇ ಸವೆಸಬೇಕು. 2020ರಲ್ಲಿ ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಪ್ರೋಟಿಯಸ್ ಎಂಬ ವಸ್ತುವಿನ ಬಗ್ಗೆ ವರದಿ ಮಾಡಿದರು. ಅಲ್ಯೂಮಿನಿಯಂ ನೊರೆಯೊಳಗೆ ಪಿಂಗಾಣಿ ಗುಂಡುಗಳು. ಉಕ್ಕಿನ 15% ಸಾಂದ್ರತೆ, ಅಷ್ಟೇ. ಬಿಲ್ಲೆ ಪಿಂಗಾಣಿಗೆ ತಗುಲಿದಾಗ ಇಡೀ ವಸ್ತು ಅದುರುತ್ತದೆ, ಆ ಅದುರು ಬಿಲ್ಲೆಯನ್ನೇ ಮೊಂಡು ಮಾಡುತ್ತದೆ. ಪಿಂಗಾಣಿ ಒಡೆದು ಆದ ಪುಡಿಯೂ ಬಿಲ್ಲೆಯನ್ನೇ ತಿನ್ನುತ್ತದೆ. ಅದರ ಮರುವರ್ಷ ಬ್ರಿಟನ್ನಿನ ಹಿಪ್‌ಲಾಕ್ ಕಂಪನಿ ಗ್ರ್ಯಾಫೀನ್ (ಇಂಗಾಲದ ಅತಿ ತೆಳು ಪದರ) ಬೆರೆಸಿದ ಬೇರೊಂದು ಮಿಶ್ರ ವಸ್ತು ಹೊದಿಸಿದ ಯು-ಲಾಕ್ ಮುಂದಿಟ್ಟಿತು. ಇಂಥವನ್ನೂ ಕತ್ತರಿಸಬಹುದು, ಬಿಲ್ಲೆ ಮೇಲೆ ಬಿಲ್ಲೆ ಬದಲಿಸುವ ತಾಳ್ಮೆ ಇದ್ದರೆ. ಬೆಲೆ ಮಾತ್ರ ಕೇಳಬೇಡಿ. ಆ ದುಡ್ಡಿಗೆ ಇಲ್ಲಿ ಇನ್ನೊಂದು ಸೈಕಲ್ಲೇ ಬರುತ್ತದೆ.

ಬೀಗ ಯಾವುದು ಅನ್ನುವಷ್ಟೇ ಮುಖ್ಯ, ಅದು ಸೈಕಲ್‌ನ ಯಾವ ಭಾಗ ಹಿಡಿದಿದೆ ಅನ್ನೋದು. ಇಟಲಿಯ ತುಲ್ಲಿಯೊ ಕಂಪನ್ಯೋಲೊ 1930ರ ಹೊತ್ತಿಗೆ ಪಾನಾ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ತಂದ. ಚಳಿಗೆ ಬೆರಳು ಮರಗಟ್ಟಿ ರೇಸಿನಲ್ಲಿ ಚಕ್ರದ ನಟ್ ಬಿಚ್ಚಲಾಗದೆ ಪರದಾಡಿದ್ದ ಅಂತ ಕತೆ. ರೇಸಿನವನಿಗೆ ಅನುಕೂಲವಾದದ್ದು ಕಳ್ಳನಿಗೂ ಆಯಿತು. ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಸಂಜೆ ನಿಮಗೆ ಸಿಗುವುದು ಮುಂದಿನ ಚಕ್ರ ಮಾತ್ರ.

ಮಸಾಚುಸೆಟ್ಸಿನ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008) ಇದಕ್ಕೊಂದು ಉಪಾಯ ಹೇಳುತ್ತಿದ್ದರು. ಚಿಕ್ಕ ಯು-ಲಾಕನ್ನು ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ತೂರಿಸಿ, ಹಿಂದಿನ ಚಕ್ರದ ರಿಮ್ ಮತ್ತು ಕಂಬವನ್ನು ಸೇರಿಸಿ ಹಾಕಿ. ಫ್ರೇಮಿನ ಸರಳಿಗೆ ಬೀಗ ಸುತ್ತುವುದೇ ಬೇಡ. ಆ ತ್ರಿಕೋನದ ಮೂಲಕ ಚಕ್ರ ತೂರುವುದಿಲ್ಲವಲ್ಲ, ಹಾಗಾಗಿ ಫ್ರೇಮೂ ಸೆರೆ. ರಿಮ್ ಕುಯ್ದರೆ? ಇಲ್ಲಿದೆ ಚೆಂದ. ಚಕ್ರದ ಒಂದೊಂದು ಕಡ್ಡಿಯೂ 80ರಿಂದ 100 ಕಿಲೋ ಭಾರ ತೂಗುಹಾಕಿದಷ್ಟು ಬಿಗಿಯಾಗಿ ರಿಮ್ಮನ್ನು ಒಳಕ್ಕೆ ಎಳೆದಿರುತ್ತದೆ. ಅಂಥ 32 ಕಡ್ಡಿಗಳು ಸೇರಿದಾಗ ರಿಮ್ಮಿನ ಉದ್ದಕ್ಕೂ 400ರಿಂದ 500 ಕಿಲೋ ಭಾರದಷ್ಟು ಒತ್ತಡ ಇರುತ್ತದೆ. (ಒಟ್ಟು ಎಳೆತವನ್ನು ಎರಡು 'ಪೈ'ನಿಂದ ಭಾಗಿಸಿ ನೋಡಿ.) ಗರಗಸ ಸ್ವಲ್ಪ ಒಳಗೆ ಇಳಿಯುತ್ತಿದ್ದಂತೆ ಆ ಒತ್ತಡ ಸೀಳನ್ನು ಮುಚ್ಚಿ ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಗ್ರೈಂಡರ್‌ಗೆ ಇದು ತಡೆಯಲ್ಲ, ನಿಜ. ಆದರೆ ಹಿಂದಿನ ಚಕ್ರ ಹಾಳಾದ ಸೈಕಲ್ಲನ್ನು ಓಡಿಸಿಕೊಂಡು ಹೋಗುವುದು ಹೇಗೆ?

ರೇಟಿಂಗ್ ನೋಡಿ ಕೊಳ್ಳುವವರಿಗೆ ಒಂದು ಮಾತು. ಕಂಪನಿಗಳು ತಾವೇ ಹಾಕಿಕೊಳ್ಳುವ ಅಂಕಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರು ಹತ್ತಕ್ಕೆ ಕೊಟ್ಟರೆ ಇನ್ನೊಬ್ಬರು ಹದಿನೈದಕ್ಕೆ ಕೊಡುತ್ತಾರೆ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ (ಕಂಚು, ಬೆಳ್ಳಿ, ಚಿನ್ನ, ವಜ್ರ) ಅಥವಾ ನೆದರ್ಲೆಂಡ್ಸಿನ ಎಆರ್‌ಟಿ ನಕ್ಷತ್ರಗಳು ಹೊರಗಿನವರ ಪರೀಕ್ಷೆ. ನಂಬುವುದಾದರೆ ಅವನ್ನು ನಂಬಿ.

ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ರಸ್ತೆಯಲ್ಲ, ಅಪಾರ್ಟ್‌ಮೆಂಟಿನ ನೆಲಮಾಳಿಗೆ. ರಸ್ತೆಯಲ್ಲಿ ಕಳ್ಳನಿಗೆ ಒಂದೋ ಎರಡೋ ನಿಮಿಷ. ಟೀ ಅಂಗಡಿಯವನು ನೋಡುತ್ತಾನೆ, ಆಟೊದವನು ಕೇಳುತ್ತಾನೆ. ನೆಲಮಾಳಿಗೆಯಲ್ಲಿ ಇಡೀ ರಾತ್ರಿ ಅವನದ್ದೇ. ಹಾಗಿದ್ದೂ ಅಲ್ಲೇ ನಾವು ಗೋಡೆಗೆ ಒರಗಿಸಿ, ಚಕ್ರಕ್ಕೊಂದು ಕೇಬಲ್ ಸುತ್ತಿ ಮಲಗುತ್ತೇವೆ. ಪೈಪಿಗೋ ಗ್ರಿಲ್ಲಿಗೋ ಕಟ್ಟದ ಸೈಕಲ್ಲಿಗೆ ಎಂಥ ಬೀಗ ಹಾಕಿದರೂ ಅದು ಸೈಕಲ್ ಜೊತೆಗೇ ಹೊರಡುತ್ತದೆ. ಇನ್ನೊಂದು, ಪೆಡಲ್ ಅಚ್ಚಿನ ಕೆಳಗೆ ಫ್ರೇಮ್ ನಂಬರ್ ಕೊರೆದಿರುತ್ತದೆ. ಇವತ್ತೇ ಸೈಕಲ್ ತಿರುಗಿಸಿ ಅದರ ಫೋಟೊ ತೆಗೆದಿಡಿ. ದೂರು ಕೊಡಲು ಹೋದಾಗ ಅದನ್ನೇ ಮೊದಲು ಕೇಳಿದರು. ನಾನು ಬಣ್ಣ ಹೇಳಿದೆ.

ಈಗ ನನ್ನ ಹತ್ತಿರ 14 ಮಿ.ಮೀ. ದಪ್ಪದ, ಎರಡೂ ಕಾಲಿಗೆ ಅಗುಳಿ ಇರುವ ಚಿಕ್ಕ ಯು-ಲಾಕ್ ಇದೆ. ಮಳೆಗಾಲ ಮುಗಿದಾಗ ಕೀ ಸ್ವಲ್ಪ ಬಿಗಿಯಾಯಿತು ಅಂತ ಅಮ್ಮನ ಮಾತು ಕೇಳಿ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಬೆಣ್ಣೆಯಂತೆ ತಿರುಗಿತು. ಡಿಸೆಂಬರಿನ ಒಂದು ಬೆಳಿಗ್ಗೆ ಕೀ ಅಲ್ಲಾಡಲೇ ಇಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಅವತ್ತು ಬೆಂಗಳೂರಿನಲ್ಲಿ 15 ಡಿಗ್ರಿ ಇತ್ತು. ಒಂದು ಚೊಂಬು ಬಿಸಿನೀರು ತಂದು ಹೊಯ್ದು, ನಾಲ್ಕೈದು ಸಲ ಕೀ ಆಡಿಸಿದ ಮೇಲೆ ಬೀಗ ತೆರೆಯಿತು. ಹದಿನೆಂಟು ನಿಮಿಷ ಹಿಡಿಯಿತು, ಕೀ ಕೈಯಲ್ಲಿದ್ದ ನನಗೇ.