ಬೆಳಕೇನೋ ಬಂತು, ಅನಿಲ ಕಂಡಿತಾ?

ಮ್ಯಾನ್‌ಹೋಲ್‌ಗೆ ಇಳಿದವರ ಜೀವ ತೆಗೆಯುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಒಂದು. ಕೊಳೆತ ಮೊಟ್ಟೆಯ ನಾತ ಇದರದ್ದೇ. ಇದನ್ನು ಮಿದುಳು ತಾನೇ ತಯಾರಿಸಿಕೊಂಡು ಸಂದೇಶ ಕಳಿಸಲು ಬಳಸುತ್ತಿರಬಹುದು ಎಂದು 1996ರಲ್ಲಿ ಜಪಾನಿನ ವಿಜ್ಞಾನಿಗಳಾದ ಅಬೆ ಮತ್ತು ಕಿಮುರಾ ಬರೆದರು.

ಇಂಥ ಯೋಚನೆಗೆ ದಾರಿ ಮಾಡಿಕೊಟ್ಟಿದ್ದು ನೈಟ್ರಿಕ್ ಆಕ್ಸೈಡ್ ಎಂಬ ಇನ್ನೊಂದು ಅನಿಲ. ರಕ್ತನಾಳದ ಒಳಪದರದಿಂದ ಏನೋ ಒಂದು ಹೊರಬಂದು ನಾಳವನ್ನು ಸಡಿಲಗೊಳಿಸುತ್ತದೆ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದ್ದರು. ಆ 'ಏನೋ ಒಂದು' ಈ ಅನಿಲವೇ ಎಂದು ಗೊತ್ತಾಗಿದ್ದು 1987ರಲ್ಲಿ. ಆದರೆ ಕೆಲವೇ ಸೆಕೆಂಡು ಬಾಳುವ, ಬಣ್ಣವಿಲ್ಲದ ಅನಿಲವನ್ನು ಜೀವಂತ ಕೋಶದೊಳಗೆ ನೋಡುವುದು ಹೇಗೆ?

ಫರ್ಚ್‌ಗಾಟ್‌ಗೆ ನೊಬೆಲ್ ಬಂದ 1998ರಲ್ಲೇ ಟೋಕಿಯೊದಲ್ಲಿ ನಗಾನೊ ಅವರ ತಂಡ ಡಿಎಎಫ್-2 ಎಂಬ ಅಣುವನ್ನು ಪ್ರಕಟಿಸಿತು. ಹಸಿರು ಹೊಳಪಿನ ಫ್ಲೋರೆಸೀನ್ ಬಣ್ಣಕ್ಕೆ ಎರಡು ಅಮೈನ್ ಗುಂಪು (ಸಾರಜನಕ, ಜಲಜನಕ ಇರುವ ತುಣುಕು) ಜೋಡಿಸಿದರೆ ಅದು ಮಂಕಾಗುತ್ತದೆ. ನೈಟ್ರಿಕ್ ಆಕ್ಸೈಡ್ ಇದ್ದರೆ ಆ ಎರಡೂ ಸೇರಿ ಉಂಗುರವಾಗುತ್ತವೆ, ಹೊಳಪು ಮರಳುತ್ತದೆ. ಜಾಣ ಉಪಾಯ ಅಲ್ವಾ?

ತೊಡಕು ಇರುವುದೂ ಇಲ್ಲೇ. ಡಿಎಎಫ್-2 ಕೂಡಿಕೊಳ್ಳುವುದು ನೈಟ್ರಿಕ್ ಆಕ್ಸೈಡ್ ಜೊತೆಗಲ್ಲ, ಅದು ಆಮ್ಲಜನಕದೊಂದಿಗೆ ಬೆರೆತ ಮೇಲೆ ಆಗುವ ಇನ್ನೊಂದು ವಸ್ತುವಿನ ಜೊತೆ. ಸಾಲದ್ದಕ್ಕೆ ವಿಟಮಿನ್ ಸಿ ಆಕ್ಸಿಡೀಕರಣಗೊಂಡರೂ ಇದನ್ನು ಹೊಳೆಯಿಸುತ್ತದೆ ಎಂದು 2002ರ ಹೊತ್ತಿಗೆ ತಿಳಿಯಿತು. ಅನಿಲದ ಜೊತೆ ನೇರವಾಗಿ ವರ್ತಿಸುವ ತಾಮ್ರದ ಪ್ರೋಬ್ (ಹೀಗೆ ಹೊಳೆದು ಸುಳಿವು ಕೊಡುವ ಅಣು) 2006ರಲ್ಲಿ ಎಂಐಟಿಯ ಲಿಪರ್ಡ್ ತಂಡದಿಂದ ಬಂತು.

ಹೈಡ್ರೋಜನ್ ಸಲ್ಫೈಡ್‌ನ ಕಥೆ ಇನ್ನೂ ಮಜವಾಗಿದೆ. ಹಳೆಯ ಮೆಥಿಲೀನ್ ಬ್ಲೂ ವಿಧಾನದಲ್ಲಿ ಅಂಗಾಂಶವನ್ನು ಅರೆದು ಆಮ್ಲ ಹಾಕುತ್ತಿದ್ದರು. ಆಮ್ಲ ತಗುಲಿದರೆ ಪ್ರೋಟೀನ್‌ಗಳಲ್ಲಿ ಅಂಟಿಕೊಂಡಿದ್ದ ಗಂಧಕವೂ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಲೆಕ್ಕ ಹತ್ತಾರು ಮೈಕ್ರೋಮೋಲಾರ್‌ಗೆ ಏರುತ್ತಿತ್ತು. ಅಷ್ಟು ಇದ್ದಿದ್ದರೆ ಅರೆಯುವಾಗಲೇ ಮೂಗಿಗೆ ಹೊಡೆಯಬೇಕಿತ್ತು! ನಂತರದ ಅಳತೆಗಳು ಅದರ ಸಾವಿರದ ಒಂದು ಪಾಲಿನ ಅಳತೆಯಾದ ನ್ಯಾನೋಮೋಲಾರ್‌ಗೆ ಇಳಿದವು.

ಬರ್ಕ್ಲಿಯ ಕ್ರಿಸ್ ಚಾಂಗ್ ತಂಡ 2011ರಲ್ಲಿ ಅಜೈಡ್ ಗುಂಪು (ಮೂರು ಸಾರಜನಕ ಪರಮಾಣುಗಳ ಸಾಲು) ಇರುವ ಪ್ರೋಬ್‌ಗಳನ್ನು ತಂದಿತು. ಸಲ್ಫೈಡ್ ಅಜೈಡನ್ನು ಅಮೈನ್ ಆಗಿ ಬದಲಿಸಿದಾಗ ಬೆಳಕು ಬರುತ್ತದೆ. ಆದರೆ ಕೋಶದಲ್ಲಿ ಗ್ಲುಟಾಥಯೋನ್ ಎಂಬ ಇನ್ನೊಂದು ಗಂಧಕದ ಅಣು ಸಾವಿರಾರು ಪಟ್ಟು ಜಾಸ್ತಿ ಇರುತ್ತದೆ. ಅದಕ್ಕೆ ಮರುಳಾಗದೆ ಸಲ್ಫೈಡ್‌ಗೆ ಮಾತ್ರ ಒಲಿಯುವುದೇ ಈ ಪ್ರೋಬ್‌ಗಳ ಪರೀಕ್ಷೆ. ಮೇಲಾಗಿ ಒಮ್ಮೆ ಹೊತ್ತಿದ ದೀಪ ಆರುವುದಿಲ್ಲ. ಅನಿಲ ಇಳಿದರೂ ಪ್ರೋಬ್ ಹೊಳೆಯುತ್ತಲೇ ಇರುತ್ತದೆ.

ದೇಹವೇ ತಯಾರಿಸುವ ಮತ್ತೊಂದು ಅನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ 2012ರಲ್ಲಿ ಎರಡು ಪ್ರೋಬ್ ಬಂದವು: ಚಾಂಗ್ ತಂಡದ ಪಲ್ಲಾಡಿಯಂ ಅಣು, ಷಿಕಾಗೊದ ಚುವಾನ್ ಹೆ ತಂಡದ ಪ್ರೋಟೀನ್. ಅಂಗಾಂಶದ ಆಳಕ್ಕೆ ಇಣುಕಲು ಅವಗೆಂಪಿನ (ಇನ್‌ಫ್ರಾರೆಡ್) ಹತ್ತಿರದ ಬೆಳಕಿನ ಪ್ರೋಬ್‌ಗಳೂ ಇವೆ.

ಈಗ ಸುಮ್ನೆ ಹೊಳೆಯುವ ಚಿತ್ರ ತೋರಿಸಿದರೆ ಪರಿಣತರು ಒಪ್ಪುವುದಿಲ್ಲ. ಅನಿಲ ತಯಾರಿಸುವ ಕಿಣ್ವವನ್ನು ತಡೆದು ಮತ್ತೆ ನೋಡಿ ಎನ್ನುತ್ತಾರೆ. ಹೊಳಪು ಆಗಲೂ ಅಷ್ಟೇ ಇದ್ದರೆ, ಕಂಡಿದ್ದು ಬೇರೇನೋ.